ಮೂತ್ರಕೋಶದ ಸಂಕೋಚ

ದೇಹದ ಬೇಡಿಕೆಗಳಲ್ಲಿ ಕೆಲವನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ, ಕೆಲವನ್ನು ಮರೆಮಾಡಿ ಹೇಳುತ್ತೇವೆ. ಹಸಿವಾಯಿತು, ಬಾಯಾರಿತು, ನಿದ್ದೆ ಬಂದಿತು ಎನ್ನುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಮೂತ್ರವಿಸರ್ಜನೆಯ ಪ್ರಸಂಗ ಬಂದಾಗ ಮಾತ್ರ ಮಾತು ಬಳಸುದಾರಿ ಹಿಡಿಯುತ್ತದೆ. ಶಾಲೆಯ ಹುಡುಗನು ಕಿರುಬೆರಳನ್ನೆತ್ತಿ ‘ಒಂದಕ್ಕೆ’ ಎನ್ನುತ್ತಾನೆ. ಹಿರಿಯರು ‘ಜಲಬಾಧೆ’ ಎನ್ನುತ್ತಾರೆ. ಈ ಎರಡನೆಯ ಪದವನ್ನು ವಾಚಕರು ಕೊಂಚ ಗಮನಿಸಬೇಕು. ಆರೋಗ್ಯವಂತರಿಗೆ ಇದು ದಿನಕ್ಕೆ ಐದಾರು ಸಲ ಬಂದು, ಪ್ರತಿ ಸಲವೂ ಅರೆನಿಮಿಷದಲ್ಲಿ ತೀರಿ, ತೀರಿದೊಡನೆ ಮರೆತುಹೋಗುವ ಬಾಧೆ. ಆದರೆ ಇದೇ ಬಾಧೆ ಗಳಿಗೆಗೊಮ್ಮೆ ಮರಳಿ ಬಂದು, ಬಂದಾಗಲೆಲ್ಲ ‘ಈಗಲೇ, ಈ ಕ್ಷಣವೇ’ ಎಂದು ಅಟ್ಟಿಕೊಂಡು ಹೋಗುವಂತಾದರೆ ಬದುಕು ಏನಾಗುವುದು?

ಇಂತಹ ಸ್ಥಿತಿಗೆ ವೈದ್ಯರು ‘ಓವರ್‌ಆಕ್ಟಿವ್ ಬ್ಲ್ಯಾಡರ್’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಕನ್ನಡದಲ್ಲಿ ಇದನ್ನು ಅತಿಚಟುವಟಿಕೆಯ ಮೂತ್ರಕೋಶವೆನ್ನಬಹುದು. ಇದು ಪ್ರಾಣವನ್ನು ತೆಗೆಯುವ ವ್ಯಾಧಿಯಲ್ಲ. ಸಾಮಾನ್ಯವಾಗಿ ನೋವನ್ನೂ ಕೊಡುವುದಿಲ್ಲ. ಹೊರಗಿನಿಂದ ನೋಡುವವರಿಗೆ ರೋಗಿಯಲ್ಲಿ ಯಾವ ಕುಂದೂ ಕಾಣದು. ಹೀಗಿದ್ದರೂ ಇದು ಕಸಿದುಕೊಳ್ಳುವುದು ಅಲ್ಪವಲ್ಲ. ಇದರ ಆರಂಭ ಒತ್ತಡ, ಘನಫಲ, ಎಳೆತ ಎಂಬ ಭೌತಶಾಸ್ತ್ರದ ಪರಿಚಿತ ವಿಷಯಗಳಲ್ಲಿದೆ. ಆದರೆ ಇದರ ಭಾರವನ್ನು ಅಳೆಯಲು ಒತ್ತಡಮಾಪಕವೊಂದೇ ಸಾಲದು. ಏಕೆ ಸಾಲದು ಎಂಬುದೇ ಈ ಲೇಖನದ ವಿಷಯ.

ತುಂಬುವ ಚೀಲ

ಮೊದಲು ಆರೋಗ್ಯವಂತರ ಲೆಕ್ಕವನ್ನು ನೋಡೋಣ. ನಮ್ಮ ಎರಡು ಮೂತ್ರಪಿಂಡಗಳೂ ಸೇರಿ ದಿನವೊಂದಕ್ಕೆ ರಕ್ತದಿಂದ ಸುಮಾರು ೧೮೦ ಲೀಟರು ದ್ರವವನ್ನು ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕೆಳಗೆ ಕಳುಹಿಸುತ್ತವೆ. ದಿನಕ್ಕೆ ೧,೪೪೦ ನಿಮಿಷಗಳಿರುವುದರಿಂದ ಇದು ನಿಮಿಷಕ್ಕೆ ಸುಮಾರು ಒಂದು ಮಿಲಿಲೀಟರು, ಎಂದರೆ ಕೆಲವೇ ಹನಿಗಳು. ಈ ಹನಿಗಳನ್ನು ಕೂಡಿಟ್ಟುಕೊಳ್ಳುವ ಸ್ನಾಯುಮಯವಾದ ಚೀಲವೇ ಮೂತ್ರಕೋಶ. ವಯಸ್ಕರಲ್ಲಿ ಇದು ೪೦೦ರಿಂದ ೬೦೦ ಮಿಲಿಲೀಟರುಗಳವರೆಗೆ ಹಿಡಿಯಬಲ್ಲದು. ಸುಮಾರು ೨೦೦ ಮಿಲಿಲೀಟರು ತುಂಬಿದಾಗ ಮೊದಲ ಸೂಚನೆ ಬರುವುದು. ಆಗಲೂ ಅವಸರವೇನಿಲ್ಲ. ಮಾಡುತ್ತಿರುವ ಕೆಲಸವನ್ನು ಮುಗಿಸಿಕೊಂಡು, ಇನ್ನೂ ಒಂದೆರಡು ಗಂಟೆ ಕಳೆದು, ಅನುಕೂಲವಾದ ಜಾಗಕ್ಕೆ ಹೋಗಬಹುದು.

ತುಂಬುವುದಕ್ಕೆ ಗಂಟೆಗಳು ಬೇಕು, ಬರಿದಾಗುವುದಕ್ಕೆ ಅರೆನಿಮಿಷ ಸಾಕು. ಅಮೆರಿಕದ ಡೇವಿಡ್ ಹು ಮತ್ತು ಅವರ ಸಂಗಡಿಗರು ಆನೆಯೂ ಸೇರಿದಂತೆ ಅನೇಕ ಸಸ್ತನಿಗಳನ್ನು ಗಡಿಯಾರ ಹಿಡಿದು ಗಮನಿಸಿ ೨೦೧೪ರಲ್ಲಿ ಒಂದು ವಿನೋದದ ಫಲಿತಾಂಶವನ್ನು ಪ್ರಕಟಿಸಿದರು. ಮೂರು ಕಿಲೋಗ್ರಾಮಿಗಿಂತ ಭಾರವಾದ ಪ್ರಾಣಿಗಳು, ಗಾತ್ರ ಎಷ್ಟೇ ಇರಲಿ, ಮೂತ್ರಕೋಶವನ್ನು ಬರಿದುಮಾಡಲು ತೆಗೆದುಕೊಳ್ಳುವ ಕಾಲ ಸರಾಸರಿ ೨೧ ಸೆಕೆಂಡು! ಹಾಗಾದರೆ ಮೂತ್ರಕೋಶದ ಮುಖ್ಯ ಕಸುಬು ಯಾವುದು? ಅದು ಆಯುಷ್ಯದ ಬಹುಪಾಲನ್ನು ಕಳೆಯುವುದು ಹೊರಹಾಕುವುದರಲ್ಲಲ್ಲ, ಸದ್ದಿಲ್ಲದೆ ಹಿಡಿದಿಟ್ಟುಕೊಳ್ಳುವುದರಲ್ಲಿ.

ಈ ಹಿಡಿದಿಡುವ ಕೆಲಸದಲ್ಲಿ ಒಂದು ಸೋಜಿಗವಿದೆ. ಮುಚ್ಚಿದ ರಬ್ಬರು ಚೀಲಕ್ಕೆ ನೀರನ್ನು ತುಂಬುತ್ತ ಹೋದರೆ ಒಳಗಿನ ಒತ್ತಡ ಏರುವುದೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಮೂತ್ರಕೋಶದಲ್ಲಿ ಅದು ಹಾಗೆ ಏರುವುದಿಲ್ಲ. ಇಟಲಿಯ ಶರೀರಶಾಸ್ತ್ರಜ್ಞರಾದ ಮೊಸ್ಸೊ ಮತ್ತು ಪೆಲ್ಲಕಾನಿ ಎಂಬವರು ೧೮೮೨ರಷ್ಟು ಹಿಂದೆಯೇ ಇದನ್ನು ಪ್ರಯೋಗದಿಂದ ಕಂಡುಕೊಂಡರು. ಒಳಗಿನ ದ್ರವದ ಪ್ರಮಾಣ ಬಹಳ ಬದಲಾದರೂ ಒತ್ತಡ ಹೆಚ್ಚಾಗಿ ಬದಲಾಗದೆ ಉಳಿಯಬಲ್ಲದು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ತುಂಬುವ ಉದ್ದಕ್ಕೂ ಮೂತ್ರಕೋಶದ ಸ್ನಾಯುವಿನಿಂದಾಗುವ ಒತ್ತಡ ಸುಮಾರು ೧೦ ಸೆಂಟಿಮೀಟರು ನೀರಿನ ಕಂಬಕ್ಕಿಂತ ಕಡಿಮೆ. ವಾಯುಮಂಡಲದ ಒತ್ತಡ ೧,೦೦೦ ಸೆಂಟಿಮೀಟರು ನೀರಿನ ಕಂಬಕ್ಕಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ, ಇದು ಅದರ ನೂರರಲ್ಲಿ ಒಂದು ಪಾಲು ಮಾತ್ರ.

ಇದಕ್ಕೆ ಕಾರಣ ಎರಡು. ಮೊದಲನೆಯದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಸೋಪಿನ ಗುಳ್ಳೆಯ ಪಾಠದಲ್ಲಿ ಓದಿರುತ್ತಾರೆ. ಗೋಲಾಕಾರದ ತೆಳುವಾದ ಚೀಲದ ಗೋಡೆಯಲ್ಲಿರುವ ಎಳೆತ ಒಂದೇ ಆಗಿದ್ದರೆ, ಒಳಗಿನ ಒತ್ತಡವು ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಇದು ಲಾಪ್ಲಾಸನ ನಿಯಮ. ಮೂತ್ರಕೋಶವನ್ನು ಗೋಲವೆಂದು ಭಾವಿಸಿದರೆ, ೫೦ ಮಿಲಿಲೀಟರು ಇರುವಾಗ ಅದರ ತ್ರಿಜ್ಯ ೨.೩ ಸೆಂಟಿಮೀಟರು. ಎಂಟು ಪಟ್ಟು, ಎಂದರೆ ೪೦೦ ಮಿಲಿಲೀಟರು ತುಂಬಿದಾಗ ತ್ರಿಜ್ಯ ಎರಡು ಪಟ್ಟಾಗಿ ೪.೬ ಸೆಂಟಿಮೀಟರಾಗುವುದು. ಗೋಡೆಯ ಎಳೆತ ಒಂದಿಷ್ಟು ಹೆಚ್ಚಿದರೂ, ತ್ರಿಜ್ಯದ ಹೆಚ್ಚಳವು ಅದನ್ನು ಬಹುಮಟ್ಟಿಗೆ ಸರಿದೂಗಿಸುವುದು. ಎರಡನೆಯ ಕಾರಣವು ಸೋಪಿನ ಗುಳ್ಳೆಗಿಲ್ಲದ್ದು. ಮೂತ್ರಕೋಶದ ಗೋಡೆ ಜೀವಂತವಾದ ಸ್ನಾಯು. ತುಂಬುವ ಕಾಲದಲ್ಲಿ ನರಗಳು ಅದನ್ನು ಸಡಿಲವಾಗಿರುವಂತೆ ನೋಡಿಕೊಳ್ಳುತ್ತವೆ. ಬಾಗಿಲಿನ ಬಿಗಿಸ್ನಾಯುಗಳನ್ನು ಮಾತ್ರ ಬಿಗಿಯಾಗಿ ಹಿಡಿದಿರುತ್ತವೆ. ವಿಸರ್ಜನೆಯ ವೇಳೆ ಬಂದಾಗ ಇದು ತಿರುಗುಮುರುಗಾಗುವುದು. ಬಾಗಿಲು ಸಡಿಲುವುದು, ಗೋಡೆಯ ಸ್ನಾಯು ಸಂಕೋಚಗೊಳ್ಳುವುದು, ಒತ್ತಡ ೩೦ರಿಂದ ೫೦ ಸೆಂಟಿಮೀಟರುಗಳವರೆಗೆ ಏರುವುದು.

ಅಪ್ಪಣೆ ಕೊಡುವವರು ಯಾರು?

ಈ ತಿರುವುಮುರುವನ್ನು ನಡೆಸುವ ಯಜಮಾನನು ತಲೆಯಲ್ಲಿದ್ದಾನೆ. ಮೂತ್ರಕೋಶ ಹಿಗ್ಗಿದ ಸುದ್ದಿ ಮೊದಲು ಬೆನ್ನುಹುರಿಯ ಕೆಳತುದಿಗೆ, ಅಲ್ಲಿಂದ ಮೇಲಕ್ಕೆ ಮೆದುಳಿಗೆ ಹೋಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಬ್ಯಾರಿಂಗ್ಟನ್ ಅವರು ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಮೂತ್ರವಿಸರ್ಜನೆಯನ್ನು ನಡೆಸುವ ಕೇಂದ್ರವೊಂದು ಮೆದುಳಿನ ಕಾಂಡದಲ್ಲಿದೆಯೆಂದು ೧೯೨೫ರಲ್ಲಿ ತೋರಿಸಿದರು. ಆ ಕೇಂದ್ರದ ಮೇಲೂ ಒಂದು ಅಧಿಕಾರವುಂಟು. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಪೆಟ್ಟಾದ ರೋಗಿಗಳು ಮೂತ್ರದ ಹತೋಟಿಯನ್ನು ಕಳೆದುಕೊಳ್ಳುವುದನ್ನು ಆಂಡ್ರ್ಯೂ ಮತ್ತು ನೇಥನ್ ಎಂಬ ವೈದ್ಯರು ೧೯೬೪ರಲ್ಲಿ ವಿವರಿಸಿದರು. ‘ಈಗ ಬೇಡ, ಇದು ತರಗತಿ, ಈಗ ಬೇಡ, ಇದು ಬಸ್ಸು’ ಎಂದು ತಡೆಯುವ ವಿವೇಕ ಅಲ್ಲಿಂದ ಬರುತ್ತದೆ. ಹಸುಗೂಸಿನಲ್ಲಿ ಈ ವಿವೇಕ ಇನ್ನೂ ಬೆಳೆದಿರುವುದಿಲ್ಲ. ಎರಡರಿಂದ ನಾಲ್ಕು ವರ್ಷಗಳ ವಯಸ್ಸಿನಲ್ಲಿ ನಾವೆಲ್ಲರೂ ಅದನ್ನು ಕಲಿತಿರುತ್ತೇವೆ.

ಗೋಡೆ ಹಿಗ್ಗಿದುದನ್ನು ನರಗಳು ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ದೊರೆತದ್ದು ತೀರ ಈಚೆಗೆ. ಅಮೆರಿಕದ ಆರ್ಡೆಮ್ ಪಟಪೂಟಿಯನ್ ಅವರು ಒತ್ತುವಿಕೆಯನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸುವ ಪ್ರೋಟೀನುಗಳನ್ನು ಕಂಡುಹಿಡಿದು ಅವಕ್ಕೆ ‘ಪಿಯೆಜೊ’ ಎಂದು ಹೆಸರಿಟ್ಟರು. ಒತ್ತು ಎಂಬರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪಿಯೆಜೊ ವಿದ್ಯುತ್ತಿನ ಪಾಠದಲ್ಲಿ ಕೇಳಿರುತ್ತಾರೆ. ಇವುಗಳಲ್ಲಿ ಎರಡನೆಯದಾದ ಪಿಯೆಜೊ-೨ ಎಂಬುದು ಮೂತ್ರಕೋಶದ ಹಿಗ್ಗುವಿಕೆಯನ್ನು ಅರಿಯಲು ಅಗತ್ಯವೆಂದು ೨೦೨೦ರಲ್ಲಿ ಅವರ ಪ್ರಯೋಗಾಲಯದವರು ಮತ್ತು ಸಹೋದ್ಯೋಗಿಗಳು ತೋರಿಸಿದರು. ಹುಟ್ಟಿನಿಂದ ಈ ಪ್ರೋಟೀನು ಇಲ್ಲದ ಕೆಲವರಿಗೆ ಮೂತ್ರಕೋಶ ತುಂಬಿದುದು ಸರಿಯಾಗಿ ತಿಳಿಯುವುದೇ ಇಲ್ಲ. ಅವರು ವೇಳೆ ನೋಡಿಕೊಂಡು ಮೂತ್ರಕ್ಕೆ ಹೋಗುತ್ತಾರೆ. ಪಟಪೂಟಿಯನ್ ಅವರಿಗೆ ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಅಕಾಲದ ಕರೆ

ಇಷ್ಟು ತಿಳಿದಮೇಲೆ ರೋಗವನ್ನು ವಿವರಿಸುವುದು ಸುಲಭ. ಚೀಲ ಇನ್ನೂ ತುಂಬಿರುವುದಿಲ್ಲ. ಮೆದುಳು ಅಪ್ಪಣೆ ಕೊಟ್ಟಿರುವುದಿಲ್ಲ. ಆದರೂ ತಡೆಯಲಾಗದಂತಹ ಕರೆ ಥಟ್ಟನೆ ಬಂದುಬಿಡುತ್ತದೆ. ಮೂತ್ರದ ಹತೋಟಿಯನ್ನು ಕುರಿತ ಅಂತರರಾಷ್ಟ್ರೀಯ ವೈದ್ಯಸಂಘವು ೨೦೦೨ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿ ಈ ಹಠಾತ್ತಾದ ಅವಸರವೇ ಮುಖ್ಯ ಲಕ್ಷಣ. ಪದೇಪದೇ ಹೋಗಬೇಕಾಗುವುದು, ರಾತ್ರಿ ಎಚ್ಚರವಾಗುವುದು ಸಾಮಾನ್ಯವಾಗಿ ಅದರ ಸಂಗಡವಿರುತ್ತವೆ. ಕೆಲವರಲ್ಲಿ ತಲಪುವುದರೊಳಗೆ ಮೂತ್ರ ಸೋರುವುದು, ಕೆಲವರಲ್ಲಿ ಸೋರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮೂತ್ರನಾಳದ ಸೋಂಕು, ಸಿಹಿಮೂತ್ರರೋಗ, ಮೂತ್ರಕೋಶದ ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ ಮೊದಲಾದವೂ ಇಂತಹ ಲಕ್ಷಣಗಳನ್ನು ತೋರಬಲ್ಲವು. ಅವು ಇಲ್ಲವೆಂದು ವೈದ್ಯರು ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆಯೇ ಈ ಹೆಸರನ್ನು ಕೊಡಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಈ ಬಾಧೆಯುಳ್ಳವರು ಎಷ್ಟು ಮಂದಿ? ಕೆನಡ, ಜರ್ಮನಿ, ಇಟಲಿ, ಸ್ವೀಡನ್, ಬ್ರಿಟನ್ ಎಂಬ ಐದು ದೇಶಗಳಲ್ಲಿ ೧೯,೦೦೦ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ ೨೦೦೬ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ನೂರಕ್ಕೆ ಸುಮಾರು ೧೨ ಮಂದಿಯಲ್ಲಿ ಇದು ಕಂಡುಬಂದಿತು. ಹೆಂಗಸರಲ್ಲಿ ೧೨.೮, ಗಂಡಸರಲ್ಲಿ ೧೦.೮. ಇದು ಹೆಂಗಸರ ರೋಗವೆಂಬ ನಂಬಿಕೆಯನ್ನು ಈ ಎರಡು ಅಂಕಿಗಳು ಅಲ್ಲಗಳೆಯುತ್ತವೆ. ವಯಸ್ಸು ಏರಿದಂತೆ ಇದು ಹೆಚ್ಚುವುದು ನಿಜ. ಹಾಗೆಂದು ಇದು ಮುಪ್ಪಿನ ಸಹಜಧರ್ಮವಲ್ಲ, ಹರೆಯದವರಲ್ಲಿಯೂ ಉಂಟು.

ಮಾಪಕಕ್ಕೆ ಸಿಗದ ಅಳತೆ

ಮೂತ್ರಕೋಶದೊಳಗೆ ಸಣ್ಣ ನಳಿಗೆಯನ್ನಿಟ್ಟು, ನಿಧಾನವಾಗಿ ನೀರು ತುಂಬುತ್ತ, ಒತ್ತಡವನ್ನು ಗುರುತಿಸುವ ಯಂತ್ರವುಂಟು. ಅಮೆರಿಕದ ಡಿ. ಕೆ. ರೋಸ್ ಎಂಬ ವೈದ್ಯರು ೧೯೨೭ರಲ್ಲಿ ಅಂತಹ ಯಂತ್ರವನ್ನು ‘ಸಿಸ್ಟೊಮೀಟರ್’ ಎಂಬ ಹೆಸರಿನಿಂದ ವರ್ಣಿಸಿದರು. ಈ ರೋಗವಿರುವ ಅನೇಕರಲ್ಲಿ, ತುಂಬುವ ಕಾಲದಲ್ಲಿ ನೆಲದಂತೆ ಚಪ್ಪಟೆಯಾಗಿರಬೇಕಾದ ಒತ್ತಡದ ರೇಖೆ ಅಲ್ಲಲ್ಲಿ ಗುಡ್ಡದಂತೆ ಎದ್ದುನಿಲ್ಲುತ್ತದೆ. ಅಪ್ಪಣೆಯಿಲ್ಲದೆ ಆಗುವ ಸ್ನಾಯುಸಂಕೋಚದ ಗುರುತು ಅದು. ರೋಗ ಕೈಗೆ ಸಿಕ್ಕಿತೆಂದು ಭೌತಶಾಸ್ತ್ರದವನಾದ ನನ್ನಂತಹವನಿಗೆ ಅನ್ನಿಸುವುದು ಸಹಜ.

ಆದರೆ ಹಾಗಿಲ್ಲ. ಬಾಧೆಯುಳ್ಳ ಕೆಲವರಲ್ಲಿ ಈ ಗುಡ್ಡಗಳು ಕಾಣುವುದೇ ಇಲ್ಲ. ಯಾವ ಬಾಧೆಯೂ ಇಲ್ಲದ ಕೆಲವರಲ್ಲಿ ಕಾಣುತ್ತವೆ! ಒಂದೇ ಬಗೆಯ ರೇಖೆಯುಳ್ಳ ಇಬ್ಬರಲ್ಲಿ ಒಬ್ಬರು ಎಂದಿನಂತೆ ಬಾಳುತ್ತಿರಬಹುದು. ಇನ್ನೊಬ್ಬರು ಮನೆಬಿಟ್ಟು ಹೊರಡುವುದನ್ನೇ ನಿಲ್ಲಿಸಿರಬಹುದು. ಯಂತ್ರವು ಸ್ನಾಯುವಿನ ಒತ್ತಡವನ್ನು ಅಳೆಯಿತೇ ಹೊರತು ಬಾಳಿನ ಮೇಲೆ ಬಿದ್ದ ಒತ್ತಡವನ್ನಲ್ಲ. ಆದಕಾರಣ ವೈದ್ಯರು ಬೇರೊಂದು ಬಗೆಯ ಮಾಪಕವನ್ನು ರಚಿಸಬೇಕಾಯಿತು. ಅದು ಪ್ರಶ್ನಾವಳಿ.

ಅಮೆರಿಕದ ಕ್ಯಾರಿನ್ ಕಾಯ್ನ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ೩೩ ಪ್ರಶ್ನೆಗಳಿವೆ. ಅವುಗಳಲ್ಲಿ ಎಂಟು ಮಾತ್ರ ರೋಗಲಕ್ಷಣಗಳ ಕಾಟವನ್ನು ಕುರಿತವು. ಉಳಿದ ೨೫ ಪ್ರಶ್ನೆಗಳು ಬದುಕನ್ನು ಕುರಿತವು: ಕಾಟವನ್ನು ನಿಭಾಯಿಸಲು ಹೂಡುವ ಉಪಾಯಗಳು, ಮನಸ್ಸಿನ ಚಿಂತೆ, ನಿದ್ದೆ, ನಾಲ್ಕು ಜನರೊಡನೆ ಬೆರೆಯುವುದು. ಜಪಾನಿನ ಯುಕಿಯೊ ಹೊಮ್ಮ ಅವರೂ ಸಂಗಡಿಗರೂ ೨೦೦೬ರಲ್ಲಿ ಇನ್ನೂ ಚಿಕ್ಕದಾದ, ನಾಲ್ಕೇ ಪ್ರಶ್ನೆಗಳ ಅಂಕಪಟ್ಟಿಯನ್ನು ಮಾಡಿದರು. ಒಟ್ಟು ಅಂಕ ೧೫. ಹಗಲಿನಲ್ಲಿ ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ ಹೆಚ್ಚೆಂದರೆ ೨ ಅಂಕ. ರಾತ್ರಿ ಏಳುವುದಕ್ಕೆ ೩. ಹಠಾತ್ತಾದ ಅವಸರಕ್ಕೆ ೫. ಅವಸರದಲ್ಲಿ ಸೋರುವುದಕ್ಕೆ ೫. ಅಂಕಗಳ ಈ ಹಂಚಿಕೆಯೇ ಒಂದು ಪಾಠ. ಎಷ್ಟು ಸಲ ಎಂಬ ಎಣಿಕೆಗಿಂತ, ಯಾವ ಕ್ಷಣ ಬಂದೀತೋ ಎಂಬ ಅನಿಶ್ಚಯವೇ ಹೆಚ್ಚು ಭಾರವಾದದ್ದು.

ಕುಗ್ಗುವ ವೃತ್ತ

ಈ ಭಾರ ಹೇಗಿರುತ್ತದೆಂದು ತಿಳಿಯಲು ಒಬ್ಬ ಉಪಾಧ್ಯಾಯಿನಿಯನ್ನು ಊಹಿಸಿಕೊಳ್ಳೋಣ. ಎಚ್ಚರವಿರುವ ೧೬ ಗಂಟೆಗಳಲ್ಲಿ ಅವರು ೧೬ ಸಲ ಮೂತ್ರಕ್ಕೆ ಹೋಗಬೇಕಾಗಿದೆ, ಎಂದರೆ ಗಂಟೆಗೊಮ್ಮೆ. ಹೊರಗಿನ ಶೌಚಾಲಯವನ್ನು ನಂಬದೆ, ಮನೆಗೇ ಹಿಂದಿರುಗಬೇಕೆಂದು ಅವರು ನಿಶ್ಚಯಿಸಿದ್ದಾರೆಂದು ಇಟ್ಟುಕೊಳ್ಳಿ. ಆಗ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಊರಿನ ಬಸ್ಸು ಗಂಟೆಗೆ ೨೦ ಕಿಲೋಮೀಟರು ಓಡುವುದಾದರೆ ಅವರು ಮನೆಯಿಂದ ೧೦ ಕಿಲೋಮೀಟರಿಗಿಂತ ದೂರ ಹೋಗುವಂತಿಲ್ಲ. ನಾಲ್ಕು ಗಂಟೆ ತಾಳಬಲ್ಲ ಆರೋಗ್ಯವಂತರು ಇದೇ ನಿಯಮದಂತೆ ೪೦ ಕಿಲೋಮೀಟರು ಹೋಗಬಹುದು. ವೃತ್ತದ ಕ್ಷೇತ್ರಫಲವು ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದಷ್ಟೆ. ಕಾಲದ ಅಂತರ ನಾಲ್ಕನೆಯ ಒಂದಾದಾಗ ಪ್ರಪಂಚ ಹದಿನಾರನೆಯ ಒಂದಾಯಿತು! ಲೆಕ್ಕ ಒರಟಾದುದೇ ಸರಿ. ಆದರೆ ಈ ರೋಗವು ಬದುಕನ್ನು ಕುಗ್ಗಿಸುವ ಕ್ರಮವನ್ನು ಅದು ಸರಿಯಾಗಿಯೇ ತೋರಿಸುತ್ತದೆ.

ನಿಜವಾಗಿ ಇಂತಹವರು ಮನೆಯಿಂದ ಹೊರಡದೆ ಇರುವುದಿಲ್ಲ. ತಾವು ಹೋಗುವ ಪ್ರತಿಯೊಂದು ದಾರಿಯಲ್ಲಿಯೂ ಶೌಚಾಲಯಗಳೆಲ್ಲಿವೆ ಎಂಬ ಭೂಪಟವೊಂದನ್ನು ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ. ಭೂಪಟದಲ್ಲಿಲ್ಲದ ಊರಿಗೆ ಹೋಗುವುದಿಲ್ಲ. ಮದುವೆಮನೆಯಲ್ಲಿ ಬಾಗಿಲ ಬಳಿಯ ಕುರ್ಚಿಯನ್ನೇ ಹುಡುಕುತ್ತಾರೆ. ದೂರದ ಬಸ್ಸನ್ನು ಬಿಟ್ಟು ರೈಲಿಗೆ ಕಾಯುತ್ತಾರೆ. ಗುರುತು ಕಾಣದಿರಲೆಂದು ಕಡುಬಣ್ಣದ ಬಟ್ಟೆಯನ್ನೇ ಉಡುತ್ತಾರೆ. ‘ಇರಲಿ, ಒಮ್ಮೆ ಹೋಗಿಬಿಡೋಣ’ ಎಂದು ಹೊರಡುವ ಮುನ್ನ ಅಗತ್ಯವಿಲ್ಲದಿದ್ದರೂ ಹೋಗುತ್ತಾರೆ. ಇದು ಅಭ್ಯಾಸವಾದಂತೆ ಮೂತ್ರಕೋಶವೂ ಸ್ವಲ್ಪಕ್ಕೇ ಕರೆಯಲು ಕಲಿಯುತ್ತದೆ. ನೀರು ಸುರಿಯುವ ಸದ್ದು ಕೇಳಿದರೆ ಸಾಕು, ಮನೆಗೆ ಬಂದು ಬೀಗಕ್ಕೆ ಕೀಲಿ ಹಾಕಿದರೆ ಸಾಕು, ಅವಸರ ಉಕ್ಕಿಬರುವುದೆಂದು ಅನೇಕ ರೋಗಿಗಳು ಹೇಳುತ್ತಾರೆ. ಇದರಲ್ಲಿ ಮೆದುಳಿನ ಪಾತ್ರ ಎಷ್ಟು ದೊಡ್ಡದೆಂಬುದನ್ನು ಆ ಕೀಲಿಯೇ ಹೇಳುತ್ತದೆ.

ಇನ್ನೊಂದು ಉಪಾಯ ನೀರು ಕುಡಿಯುವುದನ್ನೇ ಬಿಡುವುದು. ಇದು ತಿರುಗಿಬೀಳುವ ಉಪಾಯ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸಬಹುದು. ಮಲಬದ್ಧತೆ ಹೆಚ್ಚಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತಬಹುದು. ಬಾಯಾರಿಕೆಯ ಜತೆಗೆ ಅವಸರವೂ ಉಳಿಯುವುದು.

ರಾತ್ರಿಯ ಕಥೆ ಬೇರೆ. ಮೂರು ಸಲ ಏಳಬೇಕಾದವರ ಎಂಟು ಗಂಟೆಗಳ ನಿದ್ದೆ ನಾಲ್ಕು ತುಂಡುಗಳಾಗುವುದು. ನಿದ್ದೆಗೆಟ್ಟವರು ಹಗಲಿನಲ್ಲಿ ಕೆಲಸಕ್ಕೆ ಬಾರರು. ವೃದ್ಧರಿಗೆ ಇದಕ್ಕಿಂತ ದೊಡ್ಡ ಅಪಾಯ ಕಾದಿರುತ್ತದೆ. ಅರೆನಿದ್ದೆ, ಕತ್ತಲು, ಒದ್ದೆ ನೆಲ, ಆತುರದ ಹೆಜ್ಜೆ. ಅಮೆರಿಕದಲ್ಲಿ ೬,೦೦೦ಕ್ಕೂ ಹೆಚ್ಚು ವೃದ್ಧ ಮಹಿಳೆಯರನ್ನು ಪರಿಶೀಲಿಸಿ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾರಕ್ಕೊಮ್ಮೆಯಾದರೂ ಅವಸರದಿಂದ ಮೂತ್ರ ಸೋರುವವರಲ್ಲಿ ಬೀಳುವ ಸಂಭವ ಶೇಕಡ ೨೬ರಷ್ಟೂ ಮೂಳೆ ಮುರಿಯುವ ಸಂಭವ ಶೇಕಡ ೩೪ರಷ್ಟೂ ಹೆಚ್ಚೆಂದು ಕಂಡುಬಂದಿತು. ಪ್ರಾಣ ತೆಗೆಯದ ವ್ಯಾಧಿಯೆಂದು ಮೇಲೆ ಹೇಳಿದೆವಲ್ಲವೇ? ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿಯುವುದು ಅಷ್ಟು ನಿರಪಾಯದ ಸಂಗತಿಯಲ್ಲ.

ಮನಸ್ಸಿನ ಮೇಲಾಗುವ ಪರಿಣಾಮವೂ ಅಳತೆಗೆ ಸಿಕ್ಕಿದೆ. ಅಮೆರಿಕದಲ್ಲಿಯೇ ೫,೦೦೦ಕ್ಕೂ ಹೆಚ್ಚು ಜನರನ್ನು ವಿಚಾರಿಸಿ ೨೦೦೩ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಈ ರೋಗದ ಸಂಗಡ ಮೂತ್ರ ಸೋರುವಿಕೆಯೂ ಇರುವವರಲ್ಲಿ ನಿದ್ದೆ ಹೆಚ್ಚು ಕೆಟ್ಟಿದ್ದಿತು, ಖಿನ್ನತೆಯ ಅಂಕಗಳು ಹೆಚ್ಚಾಗಿದ್ದುವು, ಬಾಳಿನ ಗುಣದ ಅಂಕಗಳು ಕಡಿಮೆಯಾಗಿದ್ದುವು.

ಎರಡನೆಯ ಸಂಕೋಚ

ಕನ್ನಡದಲ್ಲಿ ‘ಸಂಕೋಚ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸ್ನಾಯು ಕುಗ್ಗುವುದು ಒಂದು. ನಾಚಿಕೆಯಿಂದ ಮಾತು ಕುಗ್ಗುವುದು ಇನ್ನೊಂದು. ಈ ರೋಗದಲ್ಲಿ ಎರಡೂ ಜೊತೆಗೂಡಿ ಕೆಲಸಮಾಡುತ್ತವೆ. ಯುರೋಪಿನ ಆರು ದೇಶಗಳಲ್ಲಿ ೪೦ ವರ್ಷ ದಾಟಿದವರನ್ನು ಕುರಿತು ೨೦೦೧ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬಾಧೆಯುಳ್ಳವರ ಪೈಕಿ ವೈದ್ಯರಿಗೆ ಹೇಳಿಕೊಂಡವರು ನೂರಕ್ಕೆ ೬೦ ಮಂದಿ. ಆ ಸಮಯದಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ೨೭ ಮಂದಿ ಮಾತ್ರ. ಉಳಿದವರು ಏಕೆ ಹೇಳಲಿಲ್ಲ? ಕೆಲವರಿಗೆ ನಾಚಿಕೆ. ಕೆಲವರಿಗೆ ‘ವಯಸ್ಸಾಯಿತು, ಇದು ಇದ್ದದ್ದೇ’ ಎಂಬ ಭಾವನೆ. ಕೆಲವರಿಗೆ ಇದಕ್ಕೆ ಮದ್ದಿಲ್ಲವೆಂಬ ತಪ್ಪು ತಿಳಿವಳಿಕೆ. ಮೂರನೆಯದು ಮಿಕ್ಕೆರಡಕ್ಕಿಂತಲೂ ಶೋಚನೀಯವಾದದ್ದು. ಏಕೆಂದರೆ ಉಪಾಯಗಳು ಉಂಟು.

ಮೊದಲ ಉಪಕರಣ ಒಂದು ನೋಟುಪುಸ್ತಕ, ಒಂದು ಗಡಿಯಾರ, ಒಂದು ಅಳತೆಯ ಲೋಟ. ಮೂರು ದಿನ ಯಾವ ವೇಳೆಯಲ್ಲಿ ಏನನ್ನು ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಹೋಯಿತು, ಅವಸರವಿತ್ತೇ, ಸೋರಿತೇ ಎಂಬುದನ್ನು ಬರೆದಿಡಬೇಕು. ಪ್ರಯೋಗಶಾಲೆಯ ದಾಖಲೆಯಂತಹ ಈ ದಿನಚರಿಯನ್ನು ಕಂಡರೆ ವೈದ್ಯರಿಗೆ ಅರ್ಧ ದಾರಿ ಸವೆದಂತೆ. ಎರಡನೆಯದು ಕುಡಿಯುವುದರಲ್ಲಿ ಹಿತಮಿತ: ನೀರನ್ನು ಬಿಡದೆ, ಕಾಫಿ ಟೀಗಳನ್ನು ಇಳಿಸುವುದು. ಮೂರನೆಯದು ಮೂತ್ರಕೋಶಕ್ಕೆ ಮರುಶಿಕ್ಷಣ. ಅವಸರ ಬಂದಾಗ ಓಡದೆ, ನಿಂತು ಅಥವಾ ಕುಳಿತು, ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಕೆಲವು ಸಲ ಬಿಗಿಹಿಡಿದು, ಅಲೆ ಇಳಿದ ಮೇಲೆ ನಿಧಾನವಾಗಿ ಹೋಗುವುದು; ವಾರ ವಾರಕ್ಕೆ ಅಂತರವನ್ನು ೧೫ ನಿಮಿಷದಂತೆ ಹೆಚ್ಚಿಸುವುದು. ಗಂಟೆಗೊಮ್ಮೆ ಹೋಗುತ್ತಿದ್ದವರು ಈ ಲೆಕ್ಕದಲ್ಲಿ ಆರು ವಾರಗಳಿಗೆ ಎರಡೂವರೆ ಗಂಟೆಗಳನ್ನು ತಲಪಬಹುದು. ಮೇಲಿನ ವೃತ್ತದ ಲೆಕ್ಕವನ್ನು ಮತ್ತೆ ಮಾಡಿ ನೋಡಿ: ತ್ರಿಜ್ಯ ೧೦ರಿಂದ ೨೫ ಕಿಲೋಮೀಟರು, ಕ್ಷೇತ್ರಫಲ ಆರು ಪಟ್ಟಿಗೂ ಮಿಗಿಲು! ಆ ಸ್ನಾಯುಗಳ ವ್ಯಾಯಾಮವನ್ನು ಅಮೆರಿಕದ ಆರ್ನಲ್ಡ್ ಕೆಗೆಲ್ ಎಂಬ ವೈದ್ಯರು ೧೯೪೮ರಲ್ಲಿ ಪ್ರಚಾರಕ್ಕೆ ತಂದರು.

ಇಲ್ಲಿ ಒಂದು ಸಂಶಯ ಬರಬಹುದು. ಮೂತ್ರವೇ ಮೊದಲಾದ ದೇಹದ ವೇಗಗಳನ್ನು ತಡೆಯಬಾರದೆಂಬುದಕ್ಕೇ ಚರಕಸಂಹಿತೆಯಲ್ಲಿ ಒಂದು ಅಧ್ಯಾಯ ಮೀಸಲಾಗಿದೆಯಲ್ಲ? ತುಂಬಿದ ಮೂತ್ರಕೋಶವನ್ನು ದಿನವಿಡೀ ತಡೆಹಿಡಿಯುವುದು ಬೇರೆ; ತುಂಬದ ಮೂತ್ರಕೋಶದ ಸುಳ್ಳು ಕರೆಯನ್ನು ಕೆಲವು ನಿಮಿಷ ಮುಂದೂಡುವುದು ಬೇರೆ. ಯಾವುದು ಯಾವುದೆಂದು ದಿನಚರಿಯೂ ವೈದ್ಯರೂ ತಿಳಿಸಬಲ್ಲರು.

ಇಷ್ಟರಿಂದ ಗುಣ ಕಾಣದಿದ್ದರೆ ಔಷಧಗಳಿವೆ. ಸ್ನಾಯು ಸಂಕೋಚಗೊಳ್ಳುವಂತೆ ನರಗಳು ಹೊರಸೂಸುವ ಅಸಿಟೈಲ್‌ಕೋಲೀನ್ ಎಂಬ ವಸ್ತುವಿಗೆ ಅಡ್ಡಬರುವ ಮದ್ದುಗಳು ಒಂದು ಬಗೆಯವು. ಅವುಗಳಲ್ಲಿ ಹಳೆಯದಾದ ಆಕ್ಸಿಬ್ಯುಟಿನಿನ್ ೧೯೭೫ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಇವುಗಳಿಂದ ಬಾಯಿ ಒಣಗುವುದು, ಮಲಬದ್ಧತೆಯಾಗುವುದು ಉಂಟು. ವೃದ್ಧರಲ್ಲಿ ಬುದ್ಧಿಗೆ ಮಂಕು ಕವಿಯಲೂಬಹುದಾದ್ದರಿಂದ ವೈದ್ಯರು ಎಚ್ಚರಿಕೆಯಿಂದ ಕೊಡುತ್ತಾರೆ. ಸ್ನಾಯುವನ್ನು ಸಡಿಲಗೊಳಿಸುವ ಮಿರಾಬೆಗ್ರಾನ್ ಎಂಬ ಇನ್ನೊಂದು ಬಗೆಯ ಮದ್ದು ಜಪಾನಿನಲ್ಲಿ ೨೦೧೧ರಲ್ಲಿ ಬಳಕೆಗೆ ಬಂದಿತು. ಅದನ್ನು ತೆಗೆದುಕೊಳ್ಳುವವರು ರಕ್ತದೊತ್ತಡವನ್ನು ನೋಡಿಕೊಳ್ಳುತ್ತಿರಬೇಕು. ಇವೂ ಸಾಲದಾದವರಿಗೆ ಬಾಟ್ಯುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮೂತ್ರಕೋಶದ ಗೋಡೆಗೆ ಚುಚ್ಚುವುದು, ಬೆನ್ನಿನ ಕೆಳಗಿನ ನರಗಳಿಗೆ ಸಣ್ಣ ವಿದ್ಯುತ್ಪ್ರಚೋದನೆ ಕೊಡುವುದು ಎಂಬ ವಿಧಾನಗಳಿವೆ. ಎಲ್ಲರಿಗೂ ಪೂರ್ತಿ ಗುಣವಾಗುವುದೆಂದು ಹೇಳುವಂತಿಲ್ಲ. ಆದರೆ ಬಹುಮಂದಿಗೆ ಬದುಕಿನ ವೃತ್ತ ಮತ್ತೆ ಹಿಗ್ಗುವುದು.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಈ ಲೇಖನವನ್ನೋದುವ ತರುಣರು ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದುಕೊಳ್ಳಬಾರದು. ಪ್ರಯಾಣಕ್ಕೆ ಕರೆದರೆ ಬರಲೊಲ್ಲದ ಅಜ್ಜಿ, ಮದುವೆಗೆ ಹೋಗಲು ದಿನಕ್ಕೊಂದು ನೆವ ಹೇಳುವ ತಾಯಿ, ರಾತ್ರಿ ಪದೇಪದೇ ದೀಪ ಹಾಕುವ ತಂದೆ—ಇಂತಹವರು ನಮ್ಮ ಮನೆಗಳಲ್ಲಿಯೇ ಇರಬಹುದು. ಅವರನ್ನು ಹಾಸ್ಯಮಾಡುವುದು ಸುಲಭ. ‘ಡಾಕ್ಟರಿಗೆ ಹೇಳೋಣ, ಇದಕ್ಕೆ ಔಷಧವುಂಟಂತೆ’ ಎಂದು ಮೆಲ್ಲನೆ ಹೇಳುವುದು 그ಷ್ಟೇ ಸುಲಭ, ಅದಕ್ಕಿಂತ ಬಹಳ ಉಪಯುಕ್ತ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುವಂತೆ ಮಾಡಿ, ನೆಲವನ್ನು ಒಣಗಿಸಿಟ್ಟರೆ ಒಂದು ಮೂಳೆ ಉಳಿಯಬಹುದು.

ಶಾಲೆ ಕಾಲೇಜುಗಳ ವಿಷಯವನ್ನೂ ಹೇಳಲೇಬೇಕು. ಶೌಚಾಲಯ ಕೊಳಕಾಗಿದೆಯೆಂದೋ, ಬಾಗಿಲಿಗೆ ಅಗುಳಿಯಿಲ್ಲವೆಂದೋ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವ ವಿದ್ಯಾರ್ಥಿನಿಯರನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಇದು ಅತಿಚಟುವಟಿಕೆಯ ಮೂತ್ರಕೋಶವಲ್ಲ. ಆದರೆ ಮೂತ್ರಕೋಶಕ್ಕೆ ಹಿತವೂ ಅಲ್ಲ. ತರಗತಿಯ ನಡುವೆ ಎದ್ದುನಿಂತು ಅನುಮತಿ ಕೇಳುವವನನ್ನು ಕಂಡು ಸಂಗಡಿಗರು ನಕ್ಕರೆ, ಮರುದಿನ ಅವನು ಕೇಳುವುದಿಲ್ಲ; ಸಂಕೋಚದ ಪಾಠ ಅಲ್ಲಿಂದಲೇ ಆರಂಭವಾಗುವುದು. ನಗದಿರುವುದು ವಿದ್ಯಾರ್ಥಿಗಳ ಕೈಯಲ್ಲಿದೆ. ಕಾರಣ ಕೇಳದೆ ಕಳುಹಿಸುವುದು ನಮ್ಮಂತಹ ಉಪಾಧ್ಯಾಯರ ಕೈಯಲ್ಲಿದೆ.

ಮೂತ್ರಕೋಶದ ಸ್ನಾಯು ಅಕಾಲದಲ್ಲಿ ಸಂಕೋಚಗೊಳ್ಳುವುದು ಯಾರ ತಪ್ಪೂ ಅಲ್ಲ. ಅದನ್ನು ಸರಿಪಡಿಸಲು ವೈದ್ಯರು ಬೇಕು, ಕಾಲ ಬೇಕು, ತಾಳ್ಮೆ ಬೇಕು. ನಾಲಗೆಯ ಸಂಕೋಚವನ್ನು ಬಿಡುವುದಕ್ಕೆ ಇವಾವುವೂ ಬೇಡ. ಹಸಿವಾಯಿತು, ಬಾಯಾರಿತು ಎನ್ನುವಷ್ಟೇ ಸಹಜವಾಗಿ ಇದನ್ನೂ ಹೇಳುವಂತಾದರೆ, ಕುಗ್ಗಿದ ಅನೇಕ ಬದುಕುಗಳಿಗೆ ಚಿಕಿತ್ಸೆಯ ಬಾಗಿಲು ತೆರೆಯುವುದು.